ವಕ್ರಬಾಹುವಿನ ಎಡಗೈ

ಜಾಲಹಳ್ಳಿ
೧೧ ಮಾರ್ಚ್ ೧೯೮೪

ಕುಮಾರಿ ಎನ್. ಪಂಕಜಾ ಅವರಿಗೆ,

‘ಗೋಲಿಗುಂಡು’ ಮಕ್ಕಳ ಮಾಸಪತ್ರಿಕೆಯ ಸಂಪಾದಕ ಹನುಮಂತಯ್ಯ ನಿಮ್ಮ ವಿಳಾಸ ಕೊಡುವಾಗ, “ಹುಡುಗಿ ಸೂಕ್ಷ್ಮ ಕಣ್ರೀ ಜಯಸಿಂಹ, ಸ್ವಲ್ಪ ನೋಡ್ಕೊಂಡು ಬರೀರಿ” ಅಂತ ಎಚ್ಚರಿಸಿದರು. ನೋಡಿಕೊಂಡೇ ಬರೆಯುತ್ತಿದ್ದೇನೆ. ನೀವು ಕಥೆ, ಚಿತ್ರ ಬರೆದ ಹದಿನೆಂಟು ಸಂಚಿಕೆಗಳನ್ನೂ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ತಪ್ಪು ಕಂಡಲ್ಲೆಲ್ಲ ಗುರುತು ಹಾಕಿ ಹಾಕಿ ಒಂದು ಕೆಂಪು ಪೆನ್ಸಿಲ್ ಸವೆದುಹೋಯಿತು.

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ೧೯೭೪ರ ನವೆಂಬರಿನಲ್ಲಿ ಆ ಪತ್ರಿಕೆಯ ಚಿತ್ರಕಥೆಯ ಧಾರಾವಾಹಿಗೆ ವಕ್ರಬಾಹು ಎಂಬ ಖಳನನ್ನು ಹುಟ್ಟಿಸಿದವನು ನಾನು. ಕಥೆ, ಚಿತ್ರ, ಅಕ್ಷರ ಎಲ್ಲ ನನ್ನದೇ. ಹಗಲೆಲ್ಲ ಪೀಣ್ಯದ ಫ್ಯಾಕ್ಟರಿಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, ಭಾನುವಾರ ಮಾತ್ರ ಕಲಾವಿದ. ಅರಮನೆಯ ಕಿರೀಟ ಕದ್ದದ್ದಕ್ಕೆ ರಾಜಕುಮಾರ ಚಂದ್ರಧ್ವಜ ಅವನ ಎಡಗೈಯ ಎರಡು ಬೆರಳು ಕತ್ತರಿಸುತ್ತಾನೆ, ಆ ಸೇಡಿಗೆ ಅವನು ರಾಜ್ಯವನ್ನೇ ಸುಡಲು ಹೊರಡುತ್ತಾನೆ. ಇಷ್ಟೇ ಕಥೆ. ಚಂದ್ರಧ್ವಜನ ಮುಖ ಒಂದು ಮಗುವಿಗೂ ನೆನಪಿಲ್ಲ. ವಕ್ರಬಾಹು ಬರ್ತಾನೆ ನೋಡು ಅಂತ ಹೆದರಿಸಿ ತಾಯಂದಿರು ಅನ್ನ ತಿನ್ನಿಸಿದರು.

ನನ್ನ ವಕ್ರಬಾಹುವನ್ನು ನೀವು ಒಮ್ಮೆಯಾದರೂ ನೋಡಿದ್ದೀರಾ? ಅವನು ಯಾವಾಗಲೂ ಮೇಲಿನಿಂದ ಕಾಣುತ್ತಾನೆ. ನಡುನೆತ್ತಿಯ ಬೋಳು, ಸೀಳಿದ ಎಡಹುಬ್ಬು, ಅದರ ಕೆಳಗೆ ಬರೀ ನೆರಳು. ಕಣ್ಣು ಬರೆಯುವ ಗೋಜಿಗೇ ನಾನು ಹೋಗಲಿಲ್ಲ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.

೭೮ರಲ್ಲಿ ನಾನು ಹನುಮಂತಯ್ಯನವರ ಜೊತೆ ಜಗಳವಾಡಿ ಬಿಟ್ಟೆ. ನಾನಿಲ್ಲದೆ ಧಾರಾವಾಹಿ ನಿಂತುಹೋಗುತ್ತದೆ ಅಂದುಕೊಂಡಿದ್ದೆ. ಆ ಮಹಾನುಭಾವರು ಯಶವಂತಪುರದ ಪುಟ್ಟಣ್ಣನನ್ನು ಹಿಡಿದು ತಂದರು. ಸಿನಿಮಾ ಬ್ಯಾನರ್ ಬರೆಯುವವನು. ಮೂವತ್ತು ಅಡಿಯ ತೊಡೆ ಬರೆದು ಪಳಗಿದ ಕೈ. ಅವನ ವಕ್ರಬಾಹುವಿಗೆ ಗರಡಿಮನೆಯ ಎದೆ, ಗುಲಾಬಿ ಕೆನ್ನೆ, ಎರಡು ಕಡೆ ಸುರುಳಿ ಮೀಸೆ. ಖಳನೋ ಮದುವೆಗಂಡೋ ಗೊತ್ತಾಗುವುದಿಲ್ಲ. ಥೂ.

ಆದರೂ ಪುಟ್ಟಣ್ಣನಿಗೆ ತಪ್ಪು ಮಾಡುವ ಧೈರ್ಯವಾದರೂ ಇತ್ತು. ನಿಮ್ಮದು ಅದಕ್ಕಿಂತ ಕಡೆ. ನಿಮ್ಮ ವಕ್ರಬಾಹುವಿನ ಭುಜ ಜೋತುಬಿದ್ದಿದೆ, ಕಣ್ಣಿನ ಕೆಳಗೆ ಚೀಲ. ನೇರ ಎದುರಿಗೆ ನಿಂತು ನಮ್ಮನ್ನೇ ನೋಡುತ್ತಾನೆ. ಒಂದು ಟಿಫನ್ ಕ್ಯಾರಿಯರ್ ಕೊಟ್ಟರೆ ದಾಸರಹಳ್ಳಿ ಸ್ಟಾಪಿನಲ್ಲಿ ಫ್ಯಾಕ್ಟರಿ ಬಸ್ಸಿಗೆ ಕಾಯುವವನ ಹಾಗಿದ್ದಾನೆ. ಇವನನ್ನು ನೋಡಿ ಯಾವ ಮಗು ಹೆದರುತ್ತೆ ತಾಯಿ? ನನಗಂತೂ ಅವನಿಗೆ ಒಂದು ಲೋಟ ಮಜ್ಜಿಗೆ ಕೊಡೋಣ ಅನ್ನಿಸಿತು.

ವಿಷಯಕ್ಕೆ ಬರುತ್ತೇನೆ. ಈ ದೀಪಾವಳಿಗೆ ಹತ್ತನೇ ವರ್ಷದ ವಿಶೇಷಾಂಕ. ಅದರಲ್ಲಿ ವಕ್ರಬಾಹು ಸಾಯುತ್ತಾನೆ, ಧಾರಾವಾಹಿ ಮುಗಿಯುತ್ತದೆ. ಆ ಸಂಚಿಕೆಯ ಮುಖಪುಟ ನನಗೆ ಬೇಕು. “ಈಗ ಬರೀತಿರೋ ಹುಡುಗಿ ಒಪ್ಪಿದ್ರೆ ನಿಮ್ಗೇ” ಎಂದು ಹನುಮಂತಯ್ಯ ನಿರ್ಧಾರವನ್ನು ನಿಮಗೆ ಬಿಟ್ಟಿದ್ದಾರೆ. ಫ್ಯಾಕ್ಟರಿಯ ನಕ್ಷೆಗಳ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಜೆ.ಎಸ್. ಅಂತ ಎರಡಕ್ಷರ ಹಾಕಿ ಸವೆದಿದ್ದೇನೆ. ಪೂರ್ತಿ ಹೆಸರು ಅಚ್ಚಾಗಿ ಉಳಿಯುವುದಾದರೆ ಇದೊಂದರಲ್ಲೇ. ಸಾಯುವಾಗಲಾದರೂ ಅವನಿಗೆ ಅವನ ಸ್ವಂತ ಮುಖ ಇರಲಿ. ಒಪ್ಪಿಗೆ ಬರೆದು ಕಳಿಸಿ.

ಇಂತಿ,
ವಕ್ರಬಾಹುವಿನ ನಿಜವಾದ ತಂದೆ,
ಜಯಸಿಂಹ


ಬೊಮ್ಮನಹಳ್ಳಿ
೨೫ ಮಾರ್ಚ್ ೧೯೮೪

ಜಯಸಿಂಹ ಅವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಯಾರೆಂದು ನನಗೆ ಗೊತ್ತು. ನೀವು ಬರೆದ ನಲವತ್ತೆಂಟು ಸಂಚಿಕೆಗಳೂ ನನ್ನ ಬಳಿ ಇವೆ. ಹೊಲಿಗೆ ಹಾಕಿಸಿ ಇಟ್ಟುಕೊಂಡಿದ್ದೇನೆ. ಪ್ರತಿ ಪುಟವನ್ನೂ ಎಷ್ಟು ಸಲ ನೋಡಿದ್ದೇನೆಂದರೆ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಹಾಗೆ ಬರೆಯಲು ಇಷ್ಟವಿಲ್ಲ, ಅಷ್ಟೆ.

ನಾನೂ ಹಗಲು ಇಲ್ಲಿನ ಒಂದು ಸಣ್ಣ ಕಂಪನಿಯಲ್ಲಿ ಟ್ರೇಸರ್ ಕೆಲಸ ಮಾಡುತ್ತೇನೆ. ದೊಡ್ಡವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಇಂಕಿನಲ್ಲಿ ತಿದ್ದುವುದು. ಹಾಗಾಗಿ ನಿಮ್ಮ ಗೆರೆ ಎಷ್ಟು ಶುದ್ಧ ಎಂದು ನನಗೆ ಅರ್ಥವಾಗುತ್ತದೆ.

ಮುಖಪುಟದ ಬಗ್ಗೆ ಹೇಳಲು ಆಗಸ್ಟಿನವರೆಗೆ ಸಮಯವಿದೆ. ಅದಕ್ಕೂ ಮುಂಚೆ ಎರಡು ಪ್ರಶ್ನೆ. ವಕ್ರಬಾಹುವಿನ ಮುಖ, ಕೈ ಎರಡನ್ನೂ ಯಾರನ್ನು ನೋಡಿ ಬರೆದಿರಿ? ಅವನ ಎಡಗೈಯಲ್ಲಿ ಉಂಗುರದ ಬೆರಳು, ಕಿರುಬೆರಳು ಇಲ್ಲ. ಆ ಎರಡೇ ಯಾಕೆ?

ಇಂತಿ,
ಎನ್. ಪಂಕಜಾ


ಜಾಲಹಳ್ಳಿ
೮ ಏಪ್ರಿಲ್ ೧೯೮೪

ಕುಮಾರಿ ಪಂಕಜಾ,

ಟ್ರೇಸರ್ ಅಂತ ಮೊದಲೇ ಹೇಳಿದ್ದರೆ ನನ್ನ ಹಿಂದಿನ ಕಾಗದ ಅಷ್ಟು ಉದ್ದ ಆಗುತ್ತಿರಲಿಲ್ಲ. ಈಗ ಎಲ್ಲ ತಿಳಿಯಿತು. ಬೇರೆಯವರ ಗೆರೆಯ ಮೇಲೆ ಗೆರೆ ಎಳೆಯುವವರಿಗೆ ಸ್ವಂತ ಗೆರೆ ಎಲ್ಲಿಂದ ಬರಬೇಕು?

ಯಾರನ್ನು ನೋಡಿ ಬರೆದೆ ಅಂತ ಕೇಳಿದ್ದೀರಿ. ಯಾರನ್ನೂ ಇಲ್ಲ. ಶುದ್ಧ ಕಲ್ಪನೆ. ನಮ್ಮ ಡ್ರಾಯಿಂಗ್ ಆಫೀಸು ಮಹಡಿಯ ಮೇಲಿದೆ. ಗಾಜಿನ ಕಿಟಕಿಯಿಂದ ಕೆಳಗೆ ತಗಡು ಒತ್ತುವ ಯಂತ್ರಗಳ ಪ್ರೆಸ್ ಷಾಪು ಪೂರ್ತಿ ಕಾಣುತ್ತದೆ. ಅಲ್ಲಿ ಇನ್ನೂರು ನೆತ್ತಿಗಳಿವೆ. ಅದರಲ್ಲಿ ಒಂದು ನೆತ್ತಿ ಮನಸ್ಸಿನಲ್ಲಿ ಉಳಿದಿದ್ದರೆ ಅದು ಯಾರದೆಂದು ನಾನು ಹೇಗೆ ಹೇಳಲಿ? ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಕಬ್ಬಿಣದ ಮೆಟ್ಟಿಲು ಇಳಿದು ಕೆಳಗೆ ಹೋದವನಲ್ಲ. ಎಣ್ಣೆ, ಸದ್ದು, ಬೀಡಿ ಹೊಗೆ. ಅಲ್ಲಿ ನನಗೇನು ಕೆಲಸ?

ಇನ್ನು ಬೆರಳು. ಕತ್ತಿ ಹೊರಗಿನಿಂದ ಬೀಸಿದರೆ ಹೊರಗಿನ ಬೆರಳು ಹೋಗುತ್ತದೆ. ಕಿರುಬೆರಳು, ಉಂಗುರದ ಬೆರಳು. ಇದು ತರ್ಕ. ನೀವೋ, ತೋರುಬೆರಳನ್ನೂ ನಡುಬೆರಳನ್ನೂ ಕತ್ತರಿಸಿ ಕಿರುಬೆರಳನ್ನು ಉಳಿಸಿದ್ದೀರಿ. ಹದಿನೆಂಟು ಸಂಚಿಕೆಯಲ್ಲೂ ಅದೇ ತಪ್ಪು. ಬೆರಳು ಎಣಿಸಲು ಬಾರದಿದ್ದರೆ ಪಕ್ಕದ ಮನೆಯ ಮಗುವನ್ನು ಕೇಳಬಹುದಿತ್ತು.

ಪುಟ್ಟಣ್ಣನ ಕಥೆ ಇನ್ನೂ ಸೊಗಸು. ಅವನು ಮಾಡಿದ್ದು ಏನು ಗೊತ್ತೆ? ನನ್ನ ಹಳೆಯ ಟ್ರೇಸಿಂಗ್ ಹಾಳೆಗಳನ್ನು ಹನುಮಂತಯ್ಯ ಅವನಿಗೆ ಮಾದರಿಗೆಂದು ಕೊಟ್ಟರು. ಆ ಪುಣ್ಯಾತ್ಮ ಹಾಳೆಯನ್ನು ಮಗುಚಿ ಹಾಕಿಕೊಂಡು ಹಿಂಬದಿಯಿಂದ ನಕಲು ತೆಗೆದ. ವಕ್ರಬಾಹುವಿನ ಎಡಗೈ ಬಲಗೈ ಆಯಿತು. ಸೀಳು ಹುಬ್ಬು ಈ ಕಡೆಯಿಂದ ಆ ಕಡೆಗೆ ಹೋಯಿತು. ನಾಲ್ಕು ವರ್ಷ ಹಾಗೇ ಅಚ್ಚಾಯಿತು. ನಾನು ಓದುಗರ ಪತ್ರಕ್ಕೆ ಬರೆದೆ, ಹಾಕಲಿಲ್ಲ. ಎದುರಿಗೆ ಸಿಕ್ಕಾಗ ಕೇಳಿದರೆ ನಗುತ್ತಾನೆ ಕಣ್ರೀ! “ಕೈ ಕೈಯೇ ಅಲ್ವಾ ಗುರುಗಳೇ, ಯಾವ್ದಾದ್ರೇನು?” ಅಂದ. ಎಡ ಯಾವುದು ಬಲ ಯಾವುದು ತಿಳಿಯದವನು ಪೆನ್ಸಿಲ್ ಮುಟ್ಟಬಾರದು. ನಮ್ಮ ಕಸುಬಿನಲ್ಲಿ ಹೀಗೆ ಮಾಡಿದರೆ ಯಾರದಾದರೂ ಪ್ರಾಣ ಹೋಗುತ್ತದೆ. ನನ್ನ ನಕ್ಷೆಯಲ್ಲಿ ಇವತ್ತಿನವರೆಗೆ ಎಡ ಬಲ ಆದದ್ದಿಲ್ಲ. ಬೇಕಾದರೆ ನಮ್ಮ ಫ್ಯಾಕ್ಟರಿಗೆ ಬಂದು ಕೇಳಿ.

ಆಗಸ್ಟಿನವರೆಗೆ ಕಾಯಿಸಬೇಡಿ. ಇಂತಹ ಚಿಕ್ಕ ವಿಷಯಕ್ಕೆ ನಿಮ್ಮ ಹತ್ತಿರ ಬೇಡಿಕೊಳ್ಳುವ ಸ್ಥಿತಿ ಬಂದದ್ದೇ ನನಗೆ ಅವಮಾನ.

ಇಂತಿ,
ಜಯಸಿಂಹ


ಬೊಮ್ಮನಹಳ್ಳಿ
೬ ಮೇ ೧೯೮೪

ಜಯಸಿಂಹ ಅವರಿಗೆ,

ನಿಮ್ಮ ಕಾಗದವನ್ನು ಒಂದು ತಿಂಗಳು ಕೈಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ಕೋಪ ಇಳಿದ ಮೇಲೆ ಬರೆಯೋಣ ಎಂದು. ಇಳಿಯಲಿಲ್ಲ.

ಬೆರಳು ಎಣಿಸಲು ನನಗೆ ಬರುತ್ತದೆ. ತೋರುಬೆರಳು, ನಡುಬೆರಳು. ಎಡಗೈ. ಆ ಕೈ ನನಗೆ ಜಡೆ ಹಾಕಿದೆ, ಜ್ವರ ಬಂದಾಗ ಹಣೆ ಮುಟ್ಟಿದೆ. ತಪ್ಪಾಗಿ ಬರೆಯಲು ನನಗೆ ಸಾಧ್ಯವೇ ಇಲ್ಲ. ನಿಮ್ಮ ಫ್ಯಾಕ್ಟರಿಯ ಪ್ರೆಸ್ ಷಾಪಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ, ಈಗ ಅಲ್ಲೇ ಸ್ಟೋರಿನಲ್ಲಿ ಬೋಲ್ಟು ನಟ್ಟು ಕೊಡುವ ನರಸಪ್ಪನವರ ಮಗಳು ನಾನು. ನೀವು ನೋಡಿದ ನೆತ್ತಿ ನಮ್ಮಪ್ಪನದು.

೧೯೭೩ರ ಆಗಸ್ಟ್ ಹದಿನೇಳರಂದು ಅಪ್ಪನ ಬೆರಳು ಹೋಯಿತು. ವಿಚಾರಣೆಯಲ್ಲಿ ‘ಕಾರ್ಮಿಕನ ಸ್ವಂತ ಅಜಾಗರೂಕತೆ’ ಎಂದು ಬರೆದರು. ಅದು ಅವರ ಸರ್ವಿಸ್ ಪುಸ್ತಕದಲ್ಲಿ ಇವತ್ತಿಗೂ ಇದೆ. ಹದಿನೈದು ತಿಂಗಳಾದ ಮೇಲೆ ನಿಮ್ಮ ವಕ್ರಬಾಹು ಬಂದ. ಅದೇ ನೆತ್ತಿ, ಅದೇ ಸೀಳು ಹುಬ್ಬು, ಅದೇ ಎಡಗೈ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಯಾರಿಗೂ ಯಾರೂ ಹೇಳಿಕೊಡಬೇಕಾಗಲಿಲ್ಲ. “ಏನ್ ಕದ್ದಿದ್ರಿ ನರಸಪ್ನೋರೆ?” ಎಂದು ದೊಡ್ಡವರು ತಮಾಷೆ ಮಾಡಿದರು. ಎದುರು ಮನೆ ಪಿಳ್ಳಮ್ಮ ತನ್ನ ಮೊಮ್ಮಗಳಿಗೆ ನಮ್ಮಪ್ಪನನ್ನು ತೋರಿಸಿ ಅನ್ನ ತಿನ್ನಿಸಿದಳು. ಅಪ್ಪ ಅಂದಿನಿಂದ ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು ನಡೆಯುವುದು ಕಲಿತರು.

ಈಗ ನಕ್ಷೆಯ ವಿಷಯ. ಹಳತಾದ ಪ್ರಿಂಟುಗಳನ್ನು ಕಾರ್ಮಿಕರು ಮನೆಗೆ ತರುತ್ತಾರೆ, ನಿಮಗೆ ತಿಳಿದಿದೆ. ನಮ್ಮ ಬೀದಿಯ ಮಕ್ಕಳ ಪುಸ್ತಕಕ್ಕೆಲ್ಲ ಅದೇ ಹೊದಿಕೆ. ತರಗತಿಯೇ ಪ್ರಿಂಟು ತೆಗೆಯುವ ಅಮೋನಿಯಾದ ವಾಸನೆ ಹೊಡೆಯುತ್ತಿತ್ತು. ಅಪ್ಪನ ಪ್ರೆಸ್ಸಿಗೆ ತೂಗುಹಾಕಿದ್ದ ನಕ್ಷೆ ನನ್ನ ಆರನೇ ತರಗತಿಯ ವಿಜ್ಞಾನದ ಪುಸ್ತಕಕ್ಕೆ ಹೊದಿಕೆಯಾಯಿತು. ಆಮೇಲೆ ಬಂದ ಹೊಸ ನಕ್ಷೆ ಗಣಿತದ ಪುಸ್ತಕಕ್ಕೆ. ಐ.ಟಿ.ಐ.ನಲ್ಲಿ ನಕ್ಷೆ ಓದುವುದು ಕಲಿತ ವರ್ಷ ಟ್ರಂಕಿನಿಂದ ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟೆ.

ಆ ಪ್ರೆಸ್ಸು ಅಮೆರಿಕದ ಕಂಪನಿಯದು, ಮೂಲ ನಕ್ಷೆಯೂ ಅವರದೇ. ಅವರು ಯಂತ್ರದ ಎಡಮಗ್ಗುಲನ್ನು ಹಾಳೆಯ ಎಡಗಡೆಗೇ ಬರೆಯುತ್ತಾರೆ. ನಿಮ್ಮ ಫ್ಯಾಕ್ಟರಿಯ ರೂಢಿಯಲ್ಲಿ ಹಾಳೆಯ ಎಡಗಡೆ ಬರುವುದು ಯಂತ್ರದ ಬಲಮಗ್ಗುಲು. ಅಮೆರಿಕದ ಹಾಳೆ ನೋಡಿ ಇಲ್ಲಿನ ನಕ್ಷೆ ಬರೆದವರು, ಅದು ಅವರ ರೂಢಿಯದು ಎಂಬುದನ್ನು ಮರೆತು, ಹಾಳೆಯ ಎಡಗಡೆ ಇದ್ದದ್ದನ್ನು ಯಂತ್ರದ ಬಲಮಗ್ಗುಲು ಎಂದು ಓದಿದ್ದಾರೆ. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ, ಆ ಗಾರ್ಡ್, ಎಡಕ್ಕೆ ಇರಬೇಕಾದದ್ದು ಬಲಕ್ಕೆ ಬಂದಿದೆ. ಅಪ್ಪ ಪ್ರೆಸ್ಸಿನೊಳಕ್ಕೆ ತಗಡು ಕೊಡುತ್ತಿದ್ದದ್ದು ಎಡಗೈಯಿಂದ, ಆ ಕಡೆ ತಡೆಯೇ ಇರಲಿಲ್ಲ.

ಎರಡನೇ ನಕ್ಷೆಯ ಮೂಲೆಯಲ್ಲಿ ತಿದ್ದುಪಡಿಯ ಪಟ್ಟಿ ಇದೆ. ‘ಗಾರ್ಡ್ ಬಲದಿಂದ ಎಡಕ್ಕೆ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ತಾರೀಖು ೩೧ ಆಗಸ್ಟ್ ೧೯೭೩. ಅಪ್ಪನ ಬೆರಳು ಹೋಗಿ ಎರಡು ವಾರ. ಎರಡು ನಕ್ಷೆಯಲ್ಲೂ ಬರೆದವರ ಸಹಿ ಒಂದೇ. ಜೆ.ಎಸ್. ಆ ಅಕ್ಷರದ ತಿರುವು ವಕ್ರಬಾಹುವಿನ ನಲವತ್ತೆಂಟು ಸಂಚಿಕೆಯಲ್ಲೂ ಇದೆ.

ಪುಟ್ಟಣ್ಣನವರು ಮಗುಚಿ ಹಾಕಿದ್ದು ಚಿತ್ರದ ಹಾಳೆಯನ್ನು. ಅದರಿಂದ ಯಾರಿಗೂ ನೋವಾಗಲಿಲ್ಲ. ಎಡ ಬಲ ತಿಳಿಯದವನು ಪೆನ್ಸಿಲ್ ಮುಟ್ಟಬಾರದು ಎಂದು ನೀವು ಬರೆದಿದ್ದೀರಿ. ಓದಿ ನಗು ಬಂತು.

ನಾನು ಯಾಕೆ ಈ ಧಾರಾವಾಹಿಗೆ ಬಂದೆ ಎಂದರೆ, ಅದನ್ನು ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ. ಹೋಲಿಕೆ ಹೋಗುವುದಿಲ್ಲ ಎಂದಾದರೆ ಸರಿಯಾಗಿಯಾದರೂ ಹೋಲಲಿ, ಅವರನ್ನು ಎದುರಿನಿಂದ ನೋಡಿದರೆ ಹೇಗಿರುತ್ತಾರೋ ಹಾಗೆ ಕಾಣಲಿ ಎಂದು ಬರೆದೆ. ಅವರು ನಿಜವಾಗಿಯೂ ದಾಸರಹಳ್ಳಿ ಸ್ಟಾಪಿನಲ್ಲೇ ಬಸ್ಸಿಗೆ ಕಾಯುತ್ತಾರೆ.

ಸೆಪ್ಟೆಂಬರ್ ಮೂವತ್ತಕ್ಕೆ ಅಪ್ಪನಿಗೆ ನಿವೃತ್ತಿ. ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ, ಎಲ್ಲರೆದುರು ಸರ್ವಿಸ್ ಪುಸ್ತಕ ಓದುತ್ತಾರೆ. ‘ಸ್ವಂತ ಅಜಾಗರೂಕತೆ’ ಎಂಬುದನ್ನೂ ಓದುತ್ತಾರೆ. ಅಷ್ಟರೊಳಗೆ ಆ ಮಾತು ಅಳಿಸಬೇಕು. ನಾನು ಎರಡು ಪ್ರಿಂಟು ಹಿಡಿದುಕೊಂಡು ಹೋದರೆ, ಪುಸ್ತಕದ ಹೊದಿಕೆ ತಂದಿದ್ದಾಳೆ ಎಂದು ಗೇಟಿನಲ್ಲೇ ನಗುತ್ತಾರೆ. ಬರೆದವರೇ ಮ್ಯಾನೇಜರಿಗೆ ಹೇಳಬೇಕು. ಹೇಳುತ್ತೀರಾ?

ಇಂತಿ,
ನರಸಪ್ಪನವರ ಮಗಳು,
ಪಂಕಜಾ


ಜಾಲಹಳ್ಳಿ
೨ ಜೂನ್ ೧೯೮೪

ಕುಮಾರಿ ಪಂಕಜಾ,

ಒಂದು ಮುಖಪುಟ ಕೇಳಿದ್ದಕ್ಕೆ ಇಷ್ಟು ದೊಡ್ಡ ಬಲೆ ಬೀಸುತ್ತೀರಿ ಎಂದು ತಿಳಿದಿರಲಿಲ್ಲ. ಇದಕ್ಕೆ ಬ್ಲ್ಯಾಕ್‌ಮೇಲ್ ಅನ್ನುತ್ತಾರೆ.

ನಿಮ್ಮ ತಂದೆಗೆ ಆದದ್ದಕ್ಕೆ ವಿಷಾದವಿದೆ. ವಿಚಾರಣೆ ನಡೆದಿದೆ, ಮುಗಿದಿದೆ. ನಕ್ಷೆ ಬರೆದವನ ಮೇಲೆ ಪರಿಶೀಲಿಸಿದವನಿದ್ದಾನೆ, ಅವನ ಮೇಲೆ ಒಪ್ಪಿಗೆ ಕೊಟ್ಟವನಿದ್ದಾನೆ. ಅವರಿಬ್ಬರೂ ಈಗ ಬದುಕಿಲ್ಲ, ಉಳಿದವನು ನಾನೊಬ್ಬ, ಹಾಗಾಗಿ ನನ್ನ ಕುತ್ತಿಗೆಗೆ ಬಂದಿದ್ದೀರಿ. ನಾಲ್ಕು ದಿನ ಐ.ಟಿ.ಐ.ಗೆ ಹೋದ ಟ್ರೇಸರುಗಳು ನಕ್ಷೆ ಓದಲು ಹೊರಟರೆ ಹೀಗೇ ಆಗುವುದು. ಅಕ್ಟೋಬರಿನಲ್ಲಿ ನನಗೆ ಚೀಫ್ ಡ್ರಾಫ್ಟ್ಸ್‌ಮನ್ ಬಡ್ತಿ ಇದೆ. ಹನ್ನೊಂದು ವರ್ಷದ ಹಿಂದಿನ ಕಸವನ್ನು ಈಗ ಯಾರ ಮುಂದೆ ಹರಡಲಿ?

ವಕ್ರಬಾಹು ಕಲ್ಪನೆ. ನಿಮ್ಮ ಬೀದಿಯ ಜನಕ್ಕೆ ಮಾಡಲು ಕೆಲಸವಿಲ್ಲದಿದ್ದರೆ ಅದು ನನ್ನ ತಪ್ಪಲ್ಲ. ನಿಮ್ಮ ಮುಖಪುಟ ನೀವೇ ಇಟ್ಟುಕೊಳ್ಳಿ.

ಜಯಸಿಂಹ


ಬೊಮ್ಮನಹಳ್ಳಿ
೧೦ ಜೂನ್ ೧೯೮೪

ಜಯಸಿಂಹ ಅವರಿಗೆ,

ಮುಖಪುಟ ನಿಮ್ಮದು. ಹನುಮಂತಯ್ಯನವರಿಗೆ ನಿನ್ನೆಯೇ ಬರೆದು ತಿಳಿಸಿದ್ದೇನೆ. ನನ್ನ ಕಡೆಯಿಂದ ಯಾವ ಷರತ್ತೂ ಇಲ್ಲ. ನಮ್ಮಪ್ಪನ ಬೆರಳನ್ನು ಒಂದು ಚಿತ್ರಕ್ಕೆ ಬದಲು ಕೊಡುವಷ್ಟು ಅಗ್ಗವಾಗಿ ನಾನು ಯಾವತ್ತೂ ಎಣಿಸಿಲ್ಲ. ನೀವು ಹಾಗೆ ಎಣಿಸಿದಿರಿ.

ನಿಮಗೆ ಬೇಕಾದ ಹಾಗೆ ಬರೆಯಿರಿ. ಮೇಲಿನಿಂದಲೇ ಬರೆಯಿರಿ. ಎಷ್ಟು ಬೆರಳು ಬೇಕೋ ಅಷ್ಟು ಕತ್ತರಿಸಿ. ಪೂರ್ತಿ ಹೆಸರು ದೊಡ್ಡದಾಗಿ ಹಾಕಿ. ಅದರ ಪಕ್ಕದಲ್ಲಿ ನನ್ನ ಹೆಸರು ಇಲ್ಲದಿದ್ದರೆ ಅಷ್ಟೇ ಸಾಕು. ಇನ್ನು ನನಗೆ ಬರೆಯಬೇಡಿ.

ಪಂಕಜಾ


ಜಾಲಹಳ್ಳಿ
೧೯ ಆಗಸ್ಟ್ ೧೯೮೪

ಕುಮಾರಿ ಪಂಕಜಾ ಅವರಿಗೆ,

ಬರೆಯಬೇಡಿ ಅಂದಿದ್ದೀರಿ. ಬರೆಯುತ್ತಿದ್ದೇನೆ. ಓದದಿದ್ದರೆ ಒಲೆಗೆ ಹಾಕಿ. ಆದರೆ ಜೊತೆಗಿರುವ ಕಾರ್ಬನ್ ಪ್ರತಿಯನ್ನು ಮಾತ್ರ ಒಲೆಗೆ ಹಾಕಬೇಡಿ, ಅದು ನಿಮ್ಮ ಕೆಲಸಕ್ಕೆ ಬರುತ್ತದೆ.

ಷರತ್ತಿಲ್ಲದೆ ಮುಖಪುಟ ಕೊಟ್ಟು ನನ್ನ ಮಾನ ತೆಗೆದಿರಿ. ಷರತ್ತು ಹಾಕಿದ್ದರೆ ನಿಮ್ಮನ್ನು ಬೈದುಕೊಂಡು ಹಾಯಾಗಿರುತ್ತಿದ್ದೆ. ಎರಡು ತಿಂಗಳು ಪ್ರತಿ ಭಾನುವಾರ ಕೂತೆ. ನೆತ್ತಿ ತಾನಾಗಿ ಬರುತ್ತದೆ, ಹುಬ್ಬು ಬರುತ್ತದೆ, ಕಿರೀಟ, ಬೆಂಕಿ, ಕತ್ತಿ ಎಲ್ಲ ಬರುತ್ತದೆ. ಕೈ ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ಕೈ ಬರೆದು ಹರಿದು ಹಾಕಿದೆ. ಯಾವ ಬೆರಳು ಹೋಗಿದೆ ಅಂತ ನಾನು ಯಾವತ್ತೂ ನೋಡಿರಲೇ ಇಲ್ಲ. ಗಾಜಿನ ಹಿಂದೆ ನಿಂತು ನೆತ್ತಿ ನೋಡಿದೆ, ಕೈ ಕಂಡ ಕೂಡಲೇ ಕಣ್ಣು ಬೇರೆ ಕಡೆ ಹೊರಳಿಸಿದೆ. ಕತ್ತಿ ಹೊರಗಿನಿಂದ ಬೀಸಿದರೆ ಅಂತ ತರ್ಕ ಹೇಳಿದೆನಲ್ಲ, ಅದೆಲ್ಲ ಬೊಗಳೆ.

ನನ್ನಿಂದಲೇ ಆದದ್ದು ಅಂತ ನನಗೆ ಆ ಆಗಸ್ಟಿನಲ್ಲೇ ಗೊತ್ತಿತ್ತು. ಅಮೆರಿಕದ ಹಾಳೆ ತೆಗೆದು ನೋಡಿದ ಕ್ಷಣವೇ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಸದ್ದಿಲ್ಲದೆ ತಿದ್ದುಪಡಿ ಹಾಕಿದೆ. ಆಮೇಲೆ ದಿನಾ ಆ ಮನುಷ್ಯ ಕೆಳಗೆ ಓಡಾಡುವುದು ಕಾಣುತ್ತಿತ್ತು. ಅವನೇ ಏನೋ ಮಾಡಿರಬೇಕು, ಅವನೇ ಕೆಟ್ಟವನಿರಬೇಕು ಅಂತ ನನಗೆ ನಾನು ಹೇಳಿಕೊಳ್ಳಬೇಕಿತ್ತು. ಕಥೆಯಲ್ಲಿ ಅವನ ಕೈಯಿಂದ ಕಿರೀಟ ಕದಿಸಿದ ದಿನ ನನಗೆ ಹಸಿವಾಗಿ ಊಟ ಸೇರಿತು. ಇಂಥ ಹೇಡಿ ನಾನು. ಪುಟ್ಟಣ್ಣನನ್ನು ಇಷ್ಟು ವರ್ಷ ಬೈದದ್ದು ಯಾಕೆ ಅಂತ ಈಗ ನನಗೇ ತಿಳಿಯುತ್ತಿದೆ.

ಹೋದ ಸೋಮವಾರ ಕಬ್ಬಿಣದ ಮೆಟ್ಟಿಲು ಇಳಿದೆ. ಹದಿನೆಂಟು ಮೆಟ್ಟಿಲು. ಸ್ಟೋರಿನಲ್ಲಿ ನಿಮ್ಮ ತಂದೆ ಇದ್ದರು. “ಏನ್ ಬೇಕಿತ್ತು ಸಾರ್?” ಅಂದರು. “ಎಡಗೈ ತೋರಿಸ್ತೀರಾ?” ಅಂದೆ. ಪಂಚೆಯ ಮಡಿಕೆಯಿಂದ ಕೈ ತೆಗೆದು ಕೌಂಟರಿನ ಮೇಲೆ ಇಟ್ಟರು. ಹಾಳೆ ತೆಗೆದು ಬರೆದೆ. ಮುಗಿದ ಮೇಲೆ, “ಆ ನಕ್ಷೆ ಬರೆದದ್ದು ನಾನು, ತಪ್ಪು ನನ್ನದು” ಅಂದೆ. ಅವರು “ಊಟದ್ ಬೆಲ್ ಆಯ್ತು ಸಾರ್” ಅಂತ ಹೇಳಿ ಟಿಫನ್ ಕ್ಯಾರಿಯರ್ ಬಿಚ್ಚಿದರು.

ಮೇಲೆ ಬಂದು ವರ್ಕ್ಸ್ ಮ್ಯಾನೇಜರಿಗೆ ಬರೆದೆ. ಎರಡು ನಕ್ಷೆಯ ನಂಬರು, ತಾರೀಖು, ಸಹಿ ಎಲ್ಲ ಹಾಕಿದ್ದೇನೆ. ಅದರ ಪ್ರತಿಯೇ ಜೊತೆಗಿದೆ. ಬಡ್ತಿ ಹೋಯಿತು, ನನಗೆ ವಿವರಣೆ ಕೇಳಿ ಮೆಮೋ ಬಂದಿದೆ. ನನ್ನ ಕೈಕೆಳಗಿನ ಹುಡುಗರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ನಿಮ್ಮ ತಂದೆಯ ಪುಸ್ತಕವನ್ನು ಸೆಪ್ಟೆಂಬರ್ ಮೂವತ್ತರೊಳಗೆ ತಿದ್ದುತ್ತೇವೆ ಎಂದು ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದ್ದಾರೆ. ನಾನು ಬರೆಸಿಕೊಳ್ಳುತ್ತೇನೆ, ಬಿಡುವುದಿಲ್ಲ.

ಮುಖಪುಟ ಹನುಮಂತಯ್ಯನವರಿಗೆ ಕಳಿಸಿದೆ. ಕೈ ಎಲ್ಲಕ್ಕಿಂತ ಮುಂದೆ ಇದೆ. ಕೊನೆಯ ಕಂತಿನ ಕಥೆ ಬರೆಯುವವರು ನೀವು. ವಕ್ರಬಾಹು ಕಿರೀಟ ಕದ್ದಿರಲಿಲ್ಲ ಅಂತ ಬರೆಯಲು ಜಾಗವಿದ್ದರೆ ಬರೆಯಿರಿ. ಮುಖಪುಟಕ್ಕೆ ನನ್ನ ಹೆಸರು ಹಾಕಿಲ್ಲ. ಮೂಲೆಯಲ್ಲಿ ಜೆ.ಎಸ್. ಅಂತ ಮಾತ್ರ ಇದೆ.

ಒಂದು ಮಾತು. ಬೇರೆ ಏನೇ ಇರಲಿ, ನೀವು ಬರೆಯುವ ಕುದುರೆಗಳು ಎಮ್ಮೆಗಳ ಹಾಗೇ ಇವೆ. ಅದನ್ನು ಸರಿಮಾಡಿಕೊಳ್ಳಿ.

ಇಂತಿ,
ಜಯಸಿಂಹ


ದಾಸರಹಳ್ಳಿ
೪ ಅಕ್ಟೋಬರ್ ೧೯೮೪

ಜಯಸಿಂಹ ಸಾರ್ ಅವರಿಗೆ ನರಸಪ್ಪ ಬರೆಯೋದು,

ನಾನು ಕಾಗ್ದ ಬರ್ಯೋನಲ್ಲ. ಪಂಕಜನ್ನ ಬರ್ಕೊಡವ್ವ ಅಂದ್ರೆ “ನೀನೇ ಬರಿ, ಬಲಗೈ ನೆಟ್ಟಗೈತಲ್ಲ” ಅಂದ್ಲು. ಅದ್ಕೆ ಬರೀತಿವ್ನಿ.

ಮೂವತ್ತನೇ ತಾರೀಕು ಕ್ಯಾಂಟೀನ್ನಾಗೆ ಎಲ್ರನ್ನೂ ಕೂರ್ಸಿ ಮ್ಯಾನೇಜರು ಪುಸ್ತಕ ಓದಿದ್ರು. ‘ನಕ್ಸೆ ದೋಸದಿಂದ ಆದ ಅಪಗಾತ, ಕಾರ್ಮಿಕನ ತಪ್ಪು ಇಲ್ಲ’ ಅಂತ ಓದಿದ್ರು. ಒಂದ್ಸಲ ಓದಿದ್ದು ಸಾಲ್ದು ಅಂತ ನಮ್ ಪ್ರೆಸ್ ಷಾಪ್ ಚಿಕ್ಕಬೈರಪ್ಪ ಎದ್ ನಿಂತು “ಇನ್ನೊಂದ್ಸಲ ಜೋರಾಗ್ ಓದಿ ಸಾರ್” ಅಂದ. ಓದಿದ್ರು. ನೀವು ಹಿಂದೆ ನಲ್ಲಿ ಅತ್ರ ನಿಂತಿದ್ರಿ. ನಂಗೆ ಹೂವಿನ ಹಾರ ಹಾಕೋಕ್ ಮುಂಚೆ ಒಂಟೋದ್ರಿ. ನಾನ್ ನೋಡ್ದೆ.

ನಂಗೆ ನಕ್ಸೆ ಓದಕ್ ಬರಾಕಿಲ್ಲ. ಆದ್ರೆ ಎರಡು ವಾರದಾಗೆ ಆ ಗಾರ್ಡು ಬಲಗಡೆಯಿಂದ ಎಡಗಡೀಕೆ ಬಂದಿದ್ದು ಕಣ್ಗೆ ಕಾಣಾಕಿಲ್ವಾ ಸಾರ್? ಅವತ್ತೇ ಗೊತ್ತಿತ್ತು, ಮ್ಯಾಲೆ ಕೂತವ್ರು ಯಾರೋ ತೆಪ್ಪು ಮಾಡವ್ರೆ ಅಂತ. ಯಾರು ಅಂತ ಗೊತ್ತಿರ್ಲಿಲ್ಲ ಅಷ್ಟೆ. ಯಾರಾರ ಇಳ್ದು ಬಂದು ಏಳ್ತಾರೆ ಅಂತ ಒಂದಷ್ಟು ದಿನ ಕಾದೆ. ಆಮೇಲೆ ಬಿಟ್ಬುಟ್ಟೆ. ಅನ್ನೊಂದು ವರ್ಸ ಆಯ್ತು. ನನ್ ಮಗಳು ಇಸ್ಕೂಲ್ನಾಗೆ ಕಳ್ಳನ್ ಮಗಳು ಅನ್ನಿಸ್ಕಂಡು ಅತ್ಕಂಡು ಬಂದ್ಲು. ಅದ್ನ ನೀವ್ ಯಾವ್ ಪುಸ್ತಕದಾಗೆ ತಿದ್ತೀರಿ?

ಪಂಕಜ ನಿಮ್ ಮುಖಪುಟ ತಂದು ತೋರ್ಸಿದ್ಲು. ಕೈ ಸರಿಯಾಗೈತೆ. ಆ ಹೆಬ್ಬೆಟ್ಟಿನ್ ಉಗುರಿನ್ ಮೂಲೇಲಿ ಒಂದ್ ಗಾಯ ಐತಲ್ಲ, ಅದ್ನೂ ಬರ್ದಿದೀರಿ. ಒಳ್ಳೇ ಕೈಚಳಕ ನಿಮ್ದು, ಇಲ್ಲ ಅನ್ನಾಕಿಲ್ಲ. ಅವಳ್ ಕುದ್ರೆನೂ ನೋಡ್ದೆ, ಅವು ಎಮ್ಮೆನೇ, ನೀವು ಏಳಿದ್ದು ದಿಟ.

ಮುಖ ಮಾತ್ರ ನಂದಲ್ಲ ಸಾರ್. ಇನ್ನೂ ಮ್ಯಾಲಿಂದ್ಲೇ ನೋಡಿದೀರಿ. ಕಣ್ಣೇ ಇಲ್ಲ, ಕರಿ ಬಳ್ದಿದೀರಿ. ಅವತ್ತು ಕೌಂಟರ್ ಮ್ಯಾಲೆ ಕೈ ಇಟ್ಟಾಗ್ಲೂ ಕೈ ಒಂದೇ ನೋಡಿದ್ರಿ, ತಲೆ ಎತ್ಲಿಲ್ಲ. ನಾನ್ ನಿಮ್ನೇ ನೋಡ್ತಾ ಕುಂತಿದ್ದೆ.

ಬರೋ ಬಾನುವಾರ ಮನೇಗ್ ಬನ್ನಿ. ದಾಸರಹಳ್ಳಿ ಸ್ಟಾಪ್ನಾಗೆ ಇಳೀರಿ, ನಾನ್ ಅಲ್ಲೇ ನಿಂತಿರ್ತೀನಿ, ಗುರ್ತು ಸಿಕ್ತೈತೆ. ಕಾಫಿ ಕೊಡ್ತೀವಿ. ಕ್ಸಮಿಸ್ಬುಟ್ಟವ್ನೆ ಅಂತ ಅನ್ಕಂಡು ಬರಬ್ಯಾಡಿ, ಅಂಗೇನಿಲ್ಲ. ಎದುರ್ಗೆ ಕುಂತ್ಕಂಡು ನನ್ ಮುಖ ಒಂದ್ಸಲ ನೋಡಿ, ಆಮೇಲ್ ಓಗಿ.

ಇಂತಿ,
ನರಸಪ್ಪ